ಗೌಡರ ಬಲಮೀಸೆ

ಬಬಲೇಶ್ವರದ ಬಸ್ ನಿಲ್ದಾಣದ ಎದುರಿಗೆ ಚನಮಲ್ಲನ ಕಟಿಂಗ್ ಅಂಗಡಿ ಇದೆ. ಒಳಗೆ ಎರಡು ಕುರ್ಚಿ. ಒಂದರಲ್ಲಿ ಗಿರಾಕಿ ಕೂಡುತ್ತಾನೆ, ಇನ್ನೊಂದರಲ್ಲಿ ಪಕ್ಕದ ಪಂಕ್ಚರ್ ಅಂಗಡಿಯ ಅಬ್ದುಲಸಮದ ಕೂಡುತ್ತಾನೆ. ಟೈರು ತೂತಾಗದ ಹೊತ್ತಿನಲ್ಲೆಲ್ಲ ಅವನು ಅಲ್ಲಿ ಕುಳಿತು ಪೇಪರನ್ನು ಗಟ್ಟಿಯಾಗಿ ಓದುತ್ತಾನೆ. ಕೇಳುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಚನಮಲ್ಲನಿಗೆ ನಲವತ್ತಾರು ವರ್ಷ. ಇಪ್ಪತ್ತನಾಲ್ಕು ವರ್ಷದಿಂದ ಕತ್ತರಿ ಹಿಡಿದ ಕೈ ಅದು. ಇಷ್ಟು ವರ್ಷದಲ್ಲಿ ಒಬ್ಬರ ಗಲ್ಲಕ್ಕೂ ಗೀರು ಬಿದ್ದಿರಲಿಲ್ಲ. ಆದರೆ ಅವನಿಗೆ ಕೈಗಿಂತ ಕಣ್ಣಿನ ಮೇಲೆ ಅಭಿಮಾನ ಹೆಚ್ಚು. ದೂರದ ತಿರುವಿನಲ್ಲಿ ಧೂಳೆಬ್ಬಿಸಿ ಬರುವ ಬಸ್ಸಿನ ಬೋರ್ಡನ್ನು ಅಂಗಡಿಯೊಳಗಿಂದಲೇ ಓದಿ, "ಮಮದಾಪುರದ ಗಾಡಿ ಬಂತ್ರಿ. ಸುಮ್ಮನ ಕೂಡ್ರಿ, ಇನ್ನ ಅರ್ಧಾ ಗಡ್ಡ ಉಳದದ, ಅದು ಇಲ್ಲಿ ಹತ್ತ ಮಿನಿಟ ನಿಲ್ತದ" ಎಂದು ಗಿರಾಕಿಗೆ ಹೇಳುತ್ತಿದ್ದ.

ಇಂಥವನಿಗೆ ಎರಡು ವರ್ಷದಿಂದ ಒಂದು ತೊಂದರೆ ಶುರುವಾಗಿತ್ತು. ದೂರದ್ದೆಲ್ಲ ಮೊದಲಿನ ಹಾಗೇ ನಿಚ್ಚಳ, ಕೈಗೆ ಸಿಗುವಷ್ಟು ಹತ್ತಿರದ್ದು ಮಾತ್ರ ಮಸುಕು. ಮೊದಲು ಅವನು ಟ್ಯೂಬ್‌ಲೈಟಿನ ಮೇಲೆ ಅನುಮಾನಪಟ್ಟು ಹೊಸದು ಹಾಕಿಸಿದ. ಆಮೇಲೆ, ಪೇಪರಿನವರು ಮಸಿ ಉಳಿಸಲಿಕ್ಕೆ ಅಕ್ಷರ ಸಣ್ಣ ಮಾಡಿದ್ದಾರೆ ಎಂದ. ಶಾಂಪೂ ಚೀಟಿಯ ಮೇಲಿನ ಬರಹ ಓದಲು ಕೈಯನ್ನು ಚಾಚಿ ಚಾಚಿ, ಕೊನೆಗೆ ತೋಳೇ ಸಾಲದಾಯಿತು.

ಅವನ ಹೆಂಡತಿ ಗುರುಬಾಯಿ ಇದನ್ನು ಊಟದಲ್ಲಿ ಪತ್ತೆ ಹಚ್ಚಿದಳು. ಒಂದು ದಿನ ಅಕ್ಕಿ ಆರಿಸಿಕೊಡಿ ಎಂದು ಗಂಡನ ಮುಂದೆ ಮೊರ ಇಟ್ಟಿದ್ದಳು. ಮಧ್ಯಾಹ್ನ ಒಂದೇ ತುತ್ತಿನಲ್ಲಿ ಅವಳಿಗೆ ಮೂರು ಕಲ್ಲು ಸಿಕ್ಕವು.

"ನಿಮಗ ಚಾಳೀಸು ಬಂದದ" ಎಂದಳು. ನಲವತ್ತು ದಾಟಿದವರ ಕಣ್ಣಿನ ತೊಂದರೆಗೂ, ಅದಕ್ಕೆ ಹಾಕುವ ಕನ್ನಡಕಕ್ಕೂ ಆ ಕಡೆ ಇದೊಂದೇ ಹೆಸರು.

"ಚಾಳೀಸು ಮುದುಕರಿಗೆ ಬರ್ತದ. ಅಷ್ಟ ದೂರದ ಬಸ್ಸಿನ ಬೋರ್ಡ ಓದೂ ಕಣ್ಣಿಗೆ ಚಾಳೀಸು ಯಾಕ ಬೇಕು?"

"ನೀವೇನು ಬಸ್ಸಿನ ಗಡ್ಡಾ ಮಾಡ್ತೀರೇನು?"

ಚನಮಲ್ಲ ತಟ್ಟೆ ಎತ್ತಿಕೊಂಡು ಎದ್ದ. ಕನ್ನಡಕದ ಕ್ಷೌರಿಕನ ಮುಂದೆ ಯಾವ ಗಿರಾಕಿ ಕುತ್ತಿಗೆ ಎತ್ತಿ ಕೂಡುತ್ತಾನೆ ಎಂಬ ಅಂಜಿಕೆ ಅವನದು. ಆ ಅಂಜಿಕೆಯನ್ನು ಹೆಂಡತಿಯ ಮುಂದೆ ಹೇಳಲು ಇನ್ನೊಂದು ಅಂಜಿಕೆ.

ಕೆಲವು ದಿನಗಳ ನಂತರ ಅವನಿಗೊಂದು ಉಪಾಯ ತಾನಾಗೇ ಸಿಕ್ಕಿತು. ಒಬ್ಬ ಗಿರಾಕಿಯ ಗಲ್ಲ ಬೋಳಿಸುತ್ತಿದ್ದಾಗ ಅಕಸ್ಮಾತ್ ಎದುರಿನ ಗೋಡೆಯ ಕನ್ನಡಿ ನೋಡಿದ. ಕೈಯ ಕೆಳಗೆ ಹಿಟ್ಟಿನ ಮುದ್ದೆಯಂತೆ ಕಾಣುತ್ತಿದ್ದ ಅದೇ ಮುಖ, ಕನ್ನಡಿಯಲ್ಲಿ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಯಾಕೆಂದು ಅವನು ಯೋಚಿಸಲಿಲ್ಲ. ದೇವರು ಒಂದು ದಾರಿ ಮುಚ್ಚಿ ಇನ್ನೊಂದು ತೆಗೆದ ಎಂದುಕೊಂಡ. ಅಂದಿನಿಂದ ಗಿರಾಕಿಯ ಹಿಂದೆ ನಿಂತು, ಕನ್ನಡಿಯಲ್ಲಿ ನೋಡುತ್ತಲೇ ಕೆಲಸ ಮಾಡತೊಡಗಿದ.

"ಲೇ ಚನಮಲ್ಲ, ನೀ ಗಿರಾಕೀ ಮುಖಾ ನೋಡೂದ ಬಿಟ್ಟೀಯಲ್ಲೋ" ಎಂದು ಅಬ್ದುಲಸಮದ ಪೇಪರಿನ ಮೇಲಿಂದ ಕೇಳಿದ.

"ದೊಡ್ಡ ದೊಡ್ಡ ಊರಾಗ ಈಗ ಹಿಂಗ ಮಾಡ್ತಾರ."

"ಹೌದ?" ಎಂದ ಅಬ್ದುಲಸಮದ, ಮತ್ತೆ ಪೇಪರು ಓದತೊಡಗಿದ.

ಹೀಗೆ ಆರು ತಿಂಗಳು ಸುಸೂತ್ರ ನಡೆಯಿತು. ಡಿಸೆಂಬರಿನ ಒಂದು ಸೋಮವಾರ ಬೆಳಿಗ್ಗೆ ಮಮದಾಪುರದ ಬಸಗೊಂಡಪ್ಪ ಗೌಡರು ಬಂದು ಕುರ್ಚಿಯಲ್ಲಿ ಕುಳಿತರು.

ಗೌಡರಿಗೆ ಐವತ್ತೆಂಟು. ಸುತ್ತಲಿನ ಹಳ್ಳಿಗಳಲ್ಲಿ ಅವರಿಗಿಂತ ಅವರ ಮೀಸೆ ಹೆಚ್ಚು ಪ್ರಸಿದ್ಧ. ಎರಡೂ ತುದಿ ಗಲ್ಲದ ಮೇಲೆ ಹತ್ತಿ ನಿಂತ, ದಿನಾ ಎಣ್ಣೆ ಕುಡಿದ ಮೀಸೆ. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ಅದನ್ನು ತೆಗೆದರೆ ಗೇಣಿನ ಆಚೆಗಿನ ಜಗತ್ತೆಲ್ಲ ಅವರಿಗೆ ಮಂಜು. ಆ ಗುಟ್ಟು ಮಾತ್ರ ಅವರ ಮನೆಯವರಿಗಷ್ಟೇ ಗೊತ್ತು.

"ಇವತ್ತ ತಿಕೋಟಾಕ್ಕ ಹೊಂಟೀನಿ. ನಮ್ಮ ಮಗಳು ವಿಜಯಲಕ್ಷ್ಮೀದು ಯಾದಿ ಮಾಡೂದದ" ಎಂದರು ಗೌಡರು. ಮದುವೆಯ ತಾರೀಖು, ಉಡುಗೊರೆ, ಊಟ ಎಲ್ಲವನ್ನೂ ಎರಡೂ ಕಡೆಯವರು ಕೂಡಿ ಕಾಗದದ ಮೇಲೆ ಬರೆಯುವುದಕ್ಕೆ ಯಾದಿ ಎನ್ನುತ್ತಾರೆ. "ಗಡ್ಡಾ ಮಾಡು. ಮೀಸಿ ಎರಡೂ ಕಡೆ ಸಮ ಅದ ಇಲ್ಲ ನೋಡು. ಎಳ್ಳಷ್ಟ ಸೈತ ಹೆಚ್ಚು ತಗೀಬ್ಯಾಡ."

ಗೌಡರು ಕನ್ನಡಕ ತೆಗೆದು ಜೇಬಿಗಿಟ್ಟು, ಎದೆ ಸೆಟೆಸಿ ಕುಳಿತರು. ಗಡ್ಡದ ಕೆಲಸ ಚೆನ್ನಾಗಿಯೇ ಮುಗಿಯಿತು. ಮೀಸೆಗೆ ಮಾತ್ರ ಹಿಂದಿನಿಂದ ಕೈ ಹಾಕಲು ಬರುವುದಿಲ್ಲ. ಚನಮಲ್ಲ ಮುಂದೆ ಬಂದು, ಕನ್ನಡಿಗೆ ಬೆನ್ನು ಮಾಡಿ ನಿಂತ. ಪಕ್ಕಕ್ಕೆ ಸರಿದು, ಕುತ್ತಿಗೆ ತಿರುಗಿಸಿ ಕನ್ನಡಿಯಲ್ಲಿ ನೋಡಿದ. ಎಡಗಡೆಯದು ಬಲಗಡೆಯದಕ್ಕಿಂತ ಒಂದು ಜೋಳದ ಕಾಳಿನಷ್ಟು ಹೆಚ್ಚು ಉದ್ದವಿತ್ತು. ಗೌಡರ ಕಡೆ ತಿರುಗಿ, ಬೆರಳಿನಿಂದ ತಡವಿ, ತನ್ನ ಎಡಗಡೆ ಇದ್ದ ಮೀಸೆಯನ್ನು ಅಷ್ಟು ಕತ್ತರಿಸಿದ.

ಎದುರುಬದುರಾಗಿ ನಿಂತಾಗ ಅವನ ಎಡ ಗೌಡರ ಬಲ ಎಂಬುದು ಅವನ ತಲೆಗೆ ಬರಲಿಲ್ಲ.

ಮತ್ತೆ ಕನ್ನಡಿ ನೋಡಿದ. ಎಡಗಡೆಯದು ಈಗ ಎರಡು ಕಾಳಿನಷ್ಟು ಉದ್ದವಿತ್ತು. ಕಡಿಮೆ ತೆಗೆದೆ ಎಂದುಕೊಂಡು, ತಿರುಗಿ ಇನ್ನಷ್ಟು ಕತ್ತರಿಸಿದ. ಮತ್ತೆ ನೋಡಿದ. ಆ ಎಡಮೀಸೆ ಕತ್ತರಿಸಿದಷ್ಟೂ ಬೆಳೆಯುತ್ತಿತ್ತು.

"ಗೌಡ್ರ, ಒಮ್ಮೆ ಕನ್ನಡಿ ನೋಡ್ರಿ, ಹೆಂಗ ಅನಸ್ತದ?"

ಗೌಡರು ಕನ್ನಡಿಯ ಕಡೆ ಮುಖ ಎತ್ತಿದರು. ಅಲ್ಲಿ ಅವರಿಗೆ ಬಿಳಿಯ ಹೊಗೆಯೊಳಗೆ ಒಂದು ಕುಂಬಳಕಾಯಿಯಂಥದ್ದು ಕಂಡಿತು. ಕಾಣುವುದಿಲ್ಲ ಎನ್ನಲು ಅವರಿಗೂ ಬಾಯಿ ಬರಲಿಲ್ಲ.

"ಭೇಷ ಆಗ್ಯದ. ನಡೀಲಿ" ಎಂದರು.

ಗೌಡರೇ ಭೇಷ್ ಎಂದ ಮೇಲೆ ಚನಮಲ್ಲನಿಗೆ ಧೈರ್ಯ ಬಂತು. ಇನ್ನೂ ಎರಡು ಸಲ ಕತ್ತರಿ ಆಡಿಸಿದ. ಅಷ್ಟರಲ್ಲಿ ಚಹಾ ಕುಡಿದು ಬಂದ ಅಬ್ದುಲಸಮದ ಬಾಗಿಲಲ್ಲೇ ನಿಂತುಬಿಟ್ಟ. ಗೌಡರ ಎಡಮೀಸೆ ಗಲ್ಲ ದಾಟಿ ಕಿವಿಯ ಕಡೆ ಹೊರಟಿತ್ತು. ಬಲಗಡೆ, ಮೂಗಿನ ಹೊಳ್ಳೆಯ ಕೆಳಗೆ ಒಂದು ಬೆರಳ ಅಗಲದ ಕರಿ ಚುಕ್ಕೆ ಉಳಿದಿತ್ತು.

"ಗೌಡ್ರ," ಎಂದ ಅಬ್ದುಲಸಮದ ಮೆಲ್ಲಗೆ, "ಏನರೆ ಹರಕಿ ಇತ್ತೇನ್ರಿ?"

ಗೌಡರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಕನ್ನಡಿಗೆ ಮೂಗು ತಾಗುವಷ್ಟು ಬಾಗಿ ನೋಡಿದರು.

"ನೀವು ತೂಕಡಿಸಿದ್ರಿ, ತಲಿ ವಾಲ್ತು" ಎಂದು ಚನಮಲ್ಲ ಒಂದು ಸುಳ್ಳು ಹೇಳಿದ.

ಗೌಡರು ಕೂಗಾಡಲಿಲ್ಲ. ಕೂಗಾಡಿದರೆ ಬಸ್ ನಿಲ್ದಾಣದ ಮಂದಿಯೆಲ್ಲ ಬಂದು ನೋಡುತ್ತಿದ್ದರು. "ಉಳದದ್ದೂ ತಗಿ. ಬಾಗಲಾ ಮುಚ್ಚಿ ತಗಿ" ಎಂದಷ್ಟೇ ಹೇಳಿದರು. ಎಡಮೀಸೆಯೂ ಹೋಯಿತು. ಮೂವತ್ತೈದು ವರ್ಷ ಬಿಸಿಲು ಕಾಣದ ಮೇಲ್ದುಟಿ ಬೆಳ್ಳಗೆ ಹೊರಗೆ ಬಂತು. ಮುಖ ನೋಡಿದರೆ ಹತ್ತು ವರ್ಷ ಕಡಿಮೆ.

"ಇನ್ನ ಅಂಗಡಿ ಮುಚ್ಚು, ನನ್ನ ಜೋಡಿ ತಿಕೋಟಾಕ್ಕ ನಡಿ" ಎಂದರು ಗೌಡರು. "ಬೀಗರು ನನ್ನ ನೋಡಿದ್ದು ಎರಡ ಸಲ. ಇವ ಯಾರೋ ಬ್ಯಾರೇದವ ಅಂದ್ರ, ಇವರೇ ಬಸಗೊಂಡಪ್ಪ, ಇವರ ಮೀಸಿ ನಾನ ತಗದೀನಿ ಅಂತ ನೀನ ಸಾಕ್ಷಿ ಹೇಳಬೇಕು."

ಇಬ್ಬರೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಗೌಡರು ಹಲ್ಲುನೋವಿನವರ ಹಾಗೆ ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ತಿಕೋಟಾದಲ್ಲಿ ಹುಡುಗನ ಮನೆ ಊರ ಹೊರಗೆ, ದ್ರಾಕ್ಷಿ ಪಡದ, ಅಂದರೆ ತೋಟದ, ನಡುವೆ ಇತ್ತು. ಹುಡುಗನ ತಂದೆ ಅಂಗಳಕ್ಕೆ ಬಂದು, ಗೌಡರ ಬೋಳು ಮುಖವನ್ನೂ ಅವರ ಹಿಂದೆ ನಿಂತ ಚನಮಲ್ಲನನ್ನೂ ನೋಡಿದ. ನೋಡಿ ಕೈ ಮುಗಿದ.

"ಬರ್ರಿ, ಬರ್ರಿ. ಸೊಲ್ಲಾಪುರದಿಂದ ತಮ್ಮ ಬರ್ತಾನಂತ ಗೌಡ್ರು ಫೋನಿನ್ಯಾಗ ಹೇಳಿದ್ರು. ನೀವ ಅಲ್ರಿ? ಮಾರಿ ಅಣ್ಣನ ಹಂಗ ಅದ. ಅಣ್ಣಾವ್ರು ಎಲ್ಲಿ?"

ತಮ್ಮನಿಗೆ ರಜೆ ಸಿಗದೆ ಅವನು ಬಂದಿರಲಿಲ್ಲ. ಗೌಡರು ಚನಮಲ್ಲನ ಕಡೆ ನೋಡಿದರು. ಚನಮಲ್ಲ ಸಾಕ್ಷಿ ಹೇಳಲು ಬಾಯಿ ತೆರೆದ. ಆದರೆ ಅಂಗಳದಲ್ಲಿ ಇಪ್ಪತ್ತು ಮಂದಿ ಕುಳಿತಿದ್ದರು. ಅಷ್ಟು ಜನರ ಮುಂದೆ ಮೀಸೆಯ ಕಥೆ ಹೇಳಿಸಿಕೊಳ್ಳಲು ಗೌಡರಿಗೆ ಮನಸ್ಸಾಗಲಿಲ್ಲ.

"ಅಣ್ಣಗ ಮೈಯಾಗ ಆರಾಮಿಲ್ರಿ" ಎಂದುಬಿಟ್ಟರು. "ಇವ್ರು ನಮ್ಮ ಪರಿಚಯದವ್ರು."

ಚನಮಲ್ಲನ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಹುಡುಗನ ಅಜ್ಜಿ ಲಕ್ಕವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಎಂಬತ್ತು ದಾಟಿದ ಮುದುಕಿ, ಆ ಮನೆಯಲ್ಲಿ ಅವಳ ಮಾತೇ ಮಾತು. ಗೌಡರು ಬಂದಿಲ್ಲವೆಂದು ತಿಳಿದು ಅವಳ ಮುಖ ಅರಳಿತು.

"ಬಂದಿಲ್ಲೇನು? ಚಲೋನ ಆತು" ಎಂದಳು. "ತಮ್ಮಾ, ನೀ ನೋಡಾಕ ಮೆತ್ತಗ ಇದ್ದಂಗ ಕಾಣಸ್ತಿ. ನಿನ್ನ ಮುಂದ ಹೇಳ್ತೀನಿ. ನಿಮ್ಮಣ್ಣ ಮಾರ್ಚ ತಿಂಗಳದಾಗ ಮದಿವಿ ಅಂತ ತಾನ ಹೇಳಿ, ತಾನ ಎದ್ದು ಹೋದ. ಮಾರ್ಚದಾಗ ನಮ್ಮ ದ್ರಾಕ್ಷಿ ಕಟಾವ ಇರ್ತದ. ಮನ್ಯಾಗಿನವರೆಲ್ಲ ಪಡದಾಗ ಇದ್ರ ಅಕ್ಕಿಕಾಳು ಹಾಕವ್ರು ಯಾರು?"

"ಹಂಗಿದ್ರ ಅವತ್ತ ಯಾಕ ಹೇಳ್ಲಿಲ್ಲ?" ಎಂದರು ಗೌಡರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಹೆಂಗ ಹೇಳೂದು? ನನ್ನ ಮಗಾ ಬಾಯಿ ತಗದಾಗೊಮ್ಮೆ ನಿಮ್ಮಣ್ಣ ಮೀಸಿ ತಿರುವಾಂವ. ಇಂವ ಸುಮ್ಮನಾಗಾಂವ. ನಾಕ ಸಲಾ ತಗದ, ನಾಕ ಸಲಾ ತಿರುವಿದ."

ಮಗ ತಲೆ ತಗ್ಗಿಸಿ ನಕ್ಕ. ಗೌಡರ ಕೈ ತಾನಾಗೇ ಮೇಲೆ ಹೋಗಿ, ಮೀಸೆಯ ಜಾಗದಲ್ಲಿ ಏನೂ ಸಿಗದೆ ಮೂಗು ಕೆರೆದು ಕೆಳಗಿಳಿಯಿತು.

"ಮೇ ತಿಂಗಳ ಆಗ್ತದೇನ್ರಿ?" ಎಂದು ಕೇಳಿದರು.

"ಮೇದಾಗ ದ್ರಾಕ್ಷಿ ಒಣಗಿ ಮಣೂಕ ಸೈತ ಆಗಿರ್ತಾವು. ಖರೆ ನಿಮ್ಮಣ್ಣ ಒಪ್ಪಬೇಕಲಾ?"

"ಅಣ್ಣಗ ನಾ ಹೇಳ್ತೀನ್ರಿ" ಎಂದರು ಗೌಡರು. "ನನ್ನ ಮಾತ ಅಂವ ತಗದ ಹಾಕೂದಿಲ್ಲ."

ಯಾದಿ ಬರೆದಾಯಿತು. ಲಕ್ಕವ್ವ ಒಂದು ಸೂಚನೆ ಹೊರಡಿಸಿದಳು: ಎರಡೂ ಕಡೆಗೆ ಸೇರದವರು ಒಬ್ಬರು ಯಾದಿಯನ್ನು ಓದಿ ಹೇಳಬೇಕು, ಆಗ ನಾಳೆ ಯಾರೂ ತಕರಾರು ಮಾಡುವಂತಿಲ್ಲ. ಅಲ್ಲಿ ಅಂಥವನು ಒಬ್ಬನೇ ಇದ್ದ.

ಚನಮಲ್ಲ ಕಾಗದ ಕೈಗೆ ತೆಗೆದುಕೊಂಡ. ಸಾಲುಗಳೆಲ್ಲ ಇರುವೆಯ ಹಿಂಡಿನಂತೆ ಕಂಡವು. ತೋಳು ಚಾಚಿದ. ಇರುವೆ ಇರುವೆಯಾಗಿಯೇ ಉಳಿಯಿತು. ಕುತ್ತಿಗೆ ಹಿಂದಕ್ಕೆ ಎಳೆದ. ಹುಬ್ಬು ಗಂಟಿಕ್ಕಿದ. ಕೊನೆಗೆ ಎದುರಿಗೆ ಕುಳಿತ ಹುಡುಗನ ತಂದೆಗೆ, "ಸ್ವಲ್ಪ ಹಿಡೀರ್ರಿ" ಎಂದು ಕಾಗದ ಕೊಟ್ಟು, ತಾನು ಎರಡು ಹೆಜ್ಜೆ ಹಿಂದೆ ಸರಿದು, "ಮೇ... ಹನ್ನೆರಡು..." ಎಂದು ಓದತೊಡಗಿದ. ಆಗ ಅಕ್ಷರ ಸ್ಪಷ್ಟವಿತ್ತು, ಆದರೆ ತೀರ ಸಣ್ಣದಾಗಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಚಾಳೀಸು ಹಾಕ್ಕೊಳೋ ಯಪ್ಪಾ" ಎಂದಳು ಲಕ್ಕವ್ವ. "ನಿನಗ ಹತ್ತರದ್ದು ಕಾಣಸೂದಿಲ್ಲ."

ಗೌಡರು ಥಟ್ಟನೆ ಎದ್ದು ನಿಂತರು. ಬೆಳಗಿನಿಂದ ಬಗೆಹರಿಯದ ಒಂದು ಲೆಕ್ಕ ಅವರಿಗೆ ಆ ಕ್ಷಣ ಬಗೆಹರಿದಿತ್ತು.

"ಹತ್ತರದ್ದು ಕಾಣಸೂದಿಲ್ಲೇನೋ ನಿನಗ? ನಾ ತೂಕಡಿಸಿದ್ದಿಲ್ಲ. ಕಣ್ಣ ಕಾಣದೇ ನನ್ನ ಮೀಸಿ ಬೋಳಿಸಿದೆಲ್ಲೋ ನೀ."

ಹುಡುಗನ ತಂದೆ ಹಿಡಿದಿದ್ದ ಕಾಗದವನ್ನು ಕೆಳಗಿಳಿಸಿದ.

"ಯಾರ ಮೀಸಿ?" ಎಂದಳು ಲಕ್ಕವ್ವ.

ಗೌಡರು ಮೆಲ್ಲಗೆ ಕುಳಿತು, ಟವೆಲನ್ನು ಮತ್ತೆ ಬಾಯಿಗೆ ಅಡ್ಡ ಹಿಡಿದರು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಚನಮಲ್ಲ ನಿಂತಲ್ಲೇ ಕೈ ಮುಗಿದು ಎಲ್ಲವನ್ನೂ ಹೇಳಿದ. ಕನ್ನಡಿಯ ಎಡಮೀಸೆ, ತನ್ನ ಎಡಗಡೆ, ಜೋಳದ ಕಾಳು, ಒಂದನ್ನೂ ಬಿಡಲಿಲ್ಲ. ಮೊದಲು ಒಳಗಿನ ಬಾಗಿಲಲ್ಲಿ ನಿಂತ ಹೆಣ್ಣುಮಕ್ಕಳು ನಕ್ಕರು. ಆಮೇಲೆ ಹುಡುಗನ ತಂದೆ ನಗು ತಡೆಯಲಾರದೆ ಎದ್ದು ಪಡದ ಕಡೆ ಹೋದ. ಲಕ್ಕವ್ವ ಮಾತ್ರ ನಗಲಿಲ್ಲ.

"ಗೌಡಾ, ಟವೆಲ್ ತಗಿ" ಎಂದಳು. "ನಿನ್ನ ಮಾರಿ ಚಲೋ ಅದ. ಖರೆ ಒಂದ ಮಾತು. ಯಾದಿ ಬರದಾಗ್ಯದ. ಮೀಸಿ ಬಂತಂತ ತಾರೀಖ ತಿರಗಸಬ್ಯಾಡ."

"ಇಲ್ರಿ ಯವ್ವಾ" ಎಂದರು ಗೌಡರು. ಕಾಗದ ತೆಗೆದುಕೊಂಡು ಕೆಳಗೆ ತಮ್ಮ ಹೆಸರೇ ಬರೆದು ಸಹಿ ಮಾಡಿದರು.

ಹೋಳಿಗೆ ಊಟ ಮಾಡಿ ಹೊರಬಿದ್ದಾಗ ಗೌಡರು ಚನಮಲ್ಲನನ್ನು ಊರಿಗೆ ಬಿಡಲಿಲ್ಲ. ವಿಜಯಪುರದ ಬಸ್ಸು ಹತ್ತಿಸಿ, ಇಟ್ಟಂಗಿಹಾಳ ದಾಟಿದ ಮೇಲೆ ಅಥಣಿ ರಸ್ತೆಯಲ್ಲೇ ಇಳಿಸಿ, ತಾವು ಕನ್ನಡಕ ಮಾಡಿಸುವ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಕಣ್ಣು ಪರೀಕ್ಷೆ ಮಾಡುವವಳು ತಸ್ಲೀಮ ಎಂಬ ಮೂವತ್ತರ ಹೆಣ್ಣುಮಗಳು. ಚನಮಲ್ಲನ ಎದುರಿಗೆ ಅಕ್ಷರದ ಹಲಗೆ ಹಚ್ಚಿದಳು. ಅವನು ಕಟ್ಟಕಡೆಯ ಸಾಲನ್ನು ಓದಿ, ಅದರ ಕೆಳಗೆ ಹಲಗೆ ಅಚ್ಚು ಹಾಕಿದವರ ಹೆಸರನ್ನೂ ಓದಿದ.

"ನೋಡ್ರಿ ಮೇಡಮ್, ನನ್ನ ಕಣ್ಣಿಗೆ ಏನಾಗ್ಯದ?"

ತಸ್ಲೀಮ ಸಣ್ಣ ಅಕ್ಷರದ ಒಂದು ಚೀಟಿಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ತೋಳು ಚಾಚಿದ.

"ಕಾಕಾ, ಕಣ್ಣಿನ ಒಳಗ ಒಂದು ಸಣ್ಣ ಬಿಲ್ಲಿ ಇರ್ತದ, ಲೆನ್ಸ್ ಅಂತೀವಿ" ಎಂದಳು ಅವಳು. "ಅದರ ಸುತ್ತ ಬಳಿ ಹಂಗ ಒಂದು ಸ್ನಾಯು. ನೀವು ದೂರದ್ದು ನೋಡೂವಾಗ ಆ ಸ್ನಾಯು ಸಡ್ಲ ಬಿಡ್ತದ, ಬಿಲ್ಲಿ ತೆಳ್ಳಗ ಇರ್ತದ. ಹತ್ತರದ್ದು ನೋಡೂವಾಗ ಸ್ನಾಯು ಬಿಗೀತದ, ಬಿಲ್ಲಿ ಉಬ್ಬಿ ದಪ್ಪ ಆಗ್ತದ. ಸಣ್ಣವರಿದ್ದಾಗ ಬಿಲ್ಲಿ ಮೆತ್ತಗ ಇರ್ತದ, ಪಟ್ನ ಉಬ್ಬತದ. ನಲವತ್ತರ ಸುಮಾರಿಗೆ ಅದು ಬಿರುಸು ಆಗಾಕತ್ತತದ. ಸ್ನಾಯು ಬಿಗೀತದ, ಬಿಲ್ಲಿ ಉಬ್ಬೂದಿಲ್ಲ."

"ಅಂದ್ರ ನಂದೇನೂ ತಪ್ಪಿಲ್ಲ?"

"ಯಾರದೂ ತಪ್ಪಿಲ್ಲ. ಎಲ್ಲಾರಿಗೂ ಆಗ್ತದ."

"ಮತ್ತ ಕನ್ನಡ್ಯಾಗ ಹೆಂಗ ಕಾಣಸ್ತಿತ್ತು?"

ಅವನು ಅಂಗಡಿಯ ವ್ಯವಸ್ಥೆ ವಿವರಿಸಿದ. ತಸ್ಲೀಮ ಬೆರಳಿನಲ್ಲಿ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದಳು. "ಗಿರಾಕಿ ಮುಖ ನಿಮ್ಮ ಕಣ್ಣಿನಿಂದ ಒಂದ ಫೂಟ. ಅದು ನಿಮಗ ಕಾಣಸೂದಿಲ್ಲ. ಕನ್ನಡಿ ಇರೂದು ಎರಡ ಮೂರ ಫೂಟ ದೂರ. ಕನ್ನಡ್ಯಾಗಿನ ಮುಖ ಕನ್ನಡಿ ಮ್ಯಾಲ ಇರೂದಿಲ್ಲ, ಕನ್ನಡಿ ಹಿಂದ ಮತ್ತ ಅಷ್ಟ ದೂರ ಇದ್ದಂಗ ಕಾಣಸ್ತದ. ಕಣ್ಣಿನ ಲೆಕ್ಕದಾಗ ಗಿರಾಕಿ ಐದ ಫೂಟ ಆಚೆ ಕುಂತಾನ. ಅಷ್ಟ ದೂರದ್ದು ನಿಮಗ ಛಂದ ಕಾಣಸ್ತದ."

"ಅಂದ್ರ ಇಂವ ನನ್ನ ಮೀಸಿ ಐದ ಫೂಟ ದೂರದಿಂದ ತಗದಾನ" ಎಂದರು ಗೌಡರು.

ಗೌಡರ ಕಣ್ಣಿನ ಕಥೆ ಬೇರೆ ಎಂದು ತಸ್ಲೀಮ ಹೇಳಿದಳು. ಅವರ ಕಣ್ಣುಗುಡ್ಡೆ ಚಿಕ್ಕಂದಿನಿಂದ ಸ್ವಲ್ಪ ಉದ್ದ ಬೆಳೆದಿದೆ. ದೂರದ ಬೆಳಕು ಒಳಗಿನ ಪರದೆ ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ಅದಕ್ಕೆ ದೂರ ಮಂಜು, ಹತ್ತಿರ ಸ್ಪಷ್ಟ. ಗೌಡರು ಕನ್ನಡಕ ತೆಗೆದು, ಸಣ್ಣ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಕೊನೆಯ ಸಾಲಿನವರೆಗೂ ಗಡಗಡ ಓದಿದರು. ಓದಿ ಮುಗಿಸಿ ಚನಮಲ್ಲನ ಕಡೆ ಒಮ್ಮೆ ನೋಡಿದರು. ಆ ದಿನ ಅವರು ಗೆದ್ದದ್ದು ಅದೊಂದೇ.

ಸಂಜೆಯ ಹೊತ್ತಿಗೆ ಕನ್ನಡಕ ಸಿದ್ಧವಾಯಿತು. ಹತ್ತಿರದ್ದಕ್ಕೆ ಮಾತ್ರ ಹಾಕಿಕೊಳ್ಳಬೇಕು, ರಸ್ತೆಯಲ್ಲಿ ಬೇಡ ಎಂದು ತಸ್ಲೀಮ ಎರಡೆರಡು ಸಲ ಹೇಳಿದಳು. ಚನಮಲ್ಲ ಹಾಕಿಕೊಂಡೇ ಹೊರಗೆ ಬಂದ. ಅಂಗೈಯ ಗೆರೆಗಳನ್ನು ನೋಡುತ್ತ, ಉಗುರಿನ ಸಂದಿನ ಕೊಳೆ ನೋಡಿ ನಾಚುತ್ತ ನಡೆದ. ಎದುರಿಗೆ ಅಥಣಿ ರಸ್ತೆಯ ವಾಹನಗಳೆಲ್ಲ ಹತ್ತಿಯ ಗಂಟುಗಳಾಗಿ ಓಡಾಡುತ್ತಿದ್ದವು. ಗೌಡರು ಅವನ ರಟ್ಟೆ ಹಿಡಿದು ರಸ್ತೆ ದಾಟಿಸಿದರು.

"ಮೀಸಿ ಬರಾಕ ಎಷ್ಟ ದಿನಾ ಬೇಕೋ?" ಎಂದು ಬಸ್ಸಿನಲ್ಲಿ ಕೇಳಿದರು.

"ಮೊದ್ಲಿನ ಹಂಗ ಆಗಾಕ ಒಂದ ವರ್ಷರೆ ಬೇಕ್ರಿ ಗೌಡ್ರ. ಮದಿವ್ಯಾಗ ಅರ್ಧಾ ಬಂದಿರ್ತದ."

"ಅರ್ಧಾ ಅನಬ್ಯಾಡ" ಎಂದರು ಗೌಡರು. ಬಬಲೇಶ್ವರದಲ್ಲಿ ಇಳಿಯುವಾಗ, ಮುಂದಿನ ಸೋಮವಾರ ಗಡ್ಡಕ್ಕೆ ಬರುತ್ತೇನೆ, ಚಾಳೀಸು ಹಾಕಿಕೊಂಡು ನಿಲ್ಲು ಎಂದು ಹೇಳಿದರು.

ಚನಮಲ್ಲ ಮನೆಗೆ ಬಂದಾಗ ಗುರುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಅಬ್ದುಲಸಮದ ಬಂದು ಮೀಸೆಯ ಸುದ್ದಿಯನ್ನು ಪೇಪರಿನಂತೆಯೇ ಗಟ್ಟಿಯಾಗಿ ಹೇಳಿಹೋಗಿದ್ದ. ಅವಳು ಗಂಡನ ಮೂಗಿನ ಮೇಲಿನ ಕನ್ನಡಕ ನೋಡಿ, ಮತ್ತೆ ರೊಟ್ಟಿ ಬಡಿಯತೊಡಗಿದಳು. ಅವನು ಒಲೆಯ ಹತ್ತಿರ ಕುಳಿತ. ಅವಳ ಬಲ ಮಣಿಕಟ್ಟಿನ ಮೇಲೆ ಎರಡು ಬೆರಳ ಅಗಲದ ಸುಟ್ಟ ಕಲೆ ಕಂಡಿತು.

"ಇದೇನು? ಯಾವಾಗ ಆತು?"

"ಹ್ವಾದ ವರ್ಷ ಪಂಚಮಿಗೆ. ಕರ್ಚಿಕಾಯಿ ಕರಿಯೂವಾಗ ಎಣ್ಣಿ ಸಿಡೀತು. ಅವತ್ತ ತೋರ್ಸಿದ್ದೆ."

"ನಾ ಏನಂದೆ?"

"ಏನೂ ಕಾಣಸವಲ್ದು, ಸುಮ್ಮನಿರು ಅಂದ್ರಿ. ನನಗ ಸಿಟ್ಟ ಬಂದು ಎರಡ ದಿನಾ ಮಾತ ಬಿಟ್ಟಿದ್ದೆ."

"ಎರಡ ದಿನಾ ಮಾತ ಬಿಟ್ಟಿದ್ದೇನು?"

"ಅದು ತಿಳ್ಯಾಕ ಯಾವ ಚಾಳೀಸು ಬೇಕಿತ್ರಿ ನಿಮಗ?"

ಅವನು ಅವಳ ಕೈ ಹಿಡಿದುಕೊಂಡು ಆ ಕಲೆಯನ್ನು ಬಹಳ ಹೊತ್ತು ನೋಡಿದ. ಅಂಚಿನಲ್ಲಿ ಚರ್ಮ ಸಣ್ಣಗೆ ನೆರಿಗೆಗಟ್ಟಿತ್ತು, ನಡುವೆ ನುಣ್ಣಗೆ ಹೊಳೆಯುತ್ತಿತ್ತು. ಈಗಲೂ ನೋಯುತ್ತದೆಯೇ ಎಂದು ಕೇಳಿದ. ಇಲ್ಲ ಎಂದಳು ಅವಳು, ಕೈ ಬಿಡಿಸಿಕೊಳ್ಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕರಿಯಾಗತೊಡಗಿತು.